ದೃಷ್ಟಿಗೆ ಹೆದರಿದ ಕರಬೂಜದ ಬಳ್ಳಿ

ಶಿವರಾತ್ರಿ ಕಳೆದು ಚಳಿ ಹಿಂದೆ ಸರಿದ ಮೇಲೆ ನೀಲವ್ವ ಹಿತ್ತಿಲಲ್ಲಿ ಬೆಂಡೆ, ಬದನೆಗಳ ಪಕ್ಕದಲ್ಲೇ ಕರಬೂಜದ ಬೀಜ ಊರಿದಳು. ಬಳ್ಳಿ ಹಬ್ಬಿ ಮೊಗ್ಗು ಬಿಟ್ಟಾಗ, ಯಾರ ಕಣ್ಣೂ ತಾಗದಿರಲೆಂದು ಬೇಲಿಗೂಟಕ್ಕೆ ಒಂದು ಹಳೆಯ ಚಪ್ಪಲಿ ಕಟ್ಟಿದಳು.

ಚಪ್ಪಲಿ ಬಳ್ಳಿಗೆ ಹೇಳಿತು: "ನಾನು ಊರೆಲ್ಲ ತಿರುಗಿ ಸವೆದಿದ್ದೇನೆ. ಜನರ ಕಣ್ಣು ಎಂಥದೆಂದು ಬಲ್ಲೆ. ನಿನ್ನ ಹೂಗಳನ್ನು ಮುಚ್ಚಿಟ್ಟುಕೋ."

ಬಳ್ಳಿ ಹೆದರಿ ಅರಳಿದ ಹೂಗಳನ್ನೆಲ್ಲ ಎಲೆಗಳ ಅಡಿಗೆ ಎಳೆದುಕೊಂಡಿತು. ಬೆಂಡೆ ಕಾಯಿ ಬಿಟ್ಟಿತು, ಬದನೆಯೂ ಬಿಟ್ಟಿತು. ಬಳ್ಳಿಯ ಹೂಗಳು ಮಾತ್ರ ಒಂದೊಂದಾಗಿ ಒಣಗಿ ಉದುರಿದವು.

"ಇಷ್ಟು ಜೋಪಾನ ಮಾಡಿದರೂ ಯಾರದೋ ದೃಷ್ಟಿ ತಾಗಿಯೇಬಿಟ್ಟಿತಲ್ಲ" ಎಂದು ಬಳ್ಳಿ ಕೊರಗಿತು.

ಬದನೆ ಹೂವಿನ ಮೇಲಿದ್ದ ಜೇನುನೊಣ ಅದನ್ನು ಕೇಳಿಸಿಕೊಂಡಿತು. "ಅಲ್ಲಕ್ಕ, ದಿನಾ ನಿನ್ನನ್ನು ದಾಟಿಕೊಂಡೇ ಓಡಾಡುತ್ತೇನೆ. ನಿನ್ನಲ್ಲಿ ಹೂವಿದೆಯೆಂದೇ ನನಗೆ ಗೊತ್ತಿರಲಿಲ್ಲ. ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಮುಟ್ಟಿಸಿದರೆ ತಾನೇ ಕಾಯಿ ಕಚ್ಚುವುದು? ಕಾಣದ ಹೂವಿಗೆ ನಾನು ಹೇಗೆ ಮುಟ್ಟಿಸಲಿ?"

ಬಳ್ಳಿ ಆ ದಿನವೆಲ್ಲ ಯೋಚಿಸಿತು. ಮರುದಿನ ಬಿಸಿಲೇರುವ ಮೊದಲು, ಹೊಸದಾಗಿ ಅರಳಿದ ಹೂಗಳ ಮೇಲಿನ ಎರಡು ಎಲೆಗಳನ್ನು ಸರಿಸಿತು. ಜೇನುನೊಣ ಬಂದು ಹೋಯಿತು. ವಾರ ಕಳೆಯುವುದರಲ್ಲಿ ನಿಂಬೆಕಾಯಿಯಷ್ಟು ಹೀಚು ನಿಂತಿತು.

ನೆರೆಮನೆಯ ಹೆಂಗಸು ಬೇಲಿಯಾಚೆಯಿಂದ ಅದನ್ನು ಕಂಡು, "ನೀಲವ್ವ, ಎಷ್ಟು ಚೆಂದ ಇದೆ ನೋಡೇ" ಎಂದು ನೇರವಾಗಿ ಬೆರಳು ತೋರಿಸಿದಳು.

ಚಪ್ಪಲಿ ಗೂಟದಲ್ಲೇ ಒದ್ದಾಡಿತು. "ಬೆರಳು ತೋರಿಸಿದ ಹೀಚು ಉಳಿಯುವುದಿಲ್ಲ. ಬೇಗ ಮುಚ್ಚಿಕೋ, ಅವಳು ನೋಡಿಬಿಟ್ಟಳು."

"ನೋಡಲಿ ಬಿಡು" ಎಂದಿತು ಬಳ್ಳಿ. "ಈ ಕಡೆಯ ಹೂವು ಇನ್ನೂ ಯಾರಿಗೂ ಕಂಡಿಲ್ಲ."

ಹಾಗೆನ್ನುತ್ತ ಅದು ಇನ್ನೊಂದು ಎಲೆಯನ್ನು ಸರಿಸಿತು.