ಕಾಲು ಆಚೆ, ನಾಲಿಗೆ ಈಚೆ

"ಕೇಳ್ರಪ್ಪೋ ಕೇಳಿ! ಕಂಚಿನಕೋಟೆಯ ಸೋಮಭೂಪ ಮಹಾರಾಜರ ಅಪ್ಪಣೆ! ರಾಜಕುಮಾರಿ ಹೊನ್ನಾದೇವಿಯವರು ನಾಳೆ ತುಂಬಿದ ಸಭೆಯಲ್ಲಿ ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ರಾಜಕುಮಾರಿಯ ಕೈ, ಅರ್ಧ ರಾಜ್ಯ. ಸೋತವನ ತಲೆ ಹೊತ್ತು ಮುಳುಗುವುದರೊಳಗೆ ಕೆಳಗೆ! ಬಡವ ಬಲ್ಲಿದ ಅನ್ನುವ ಭೇದವಿಲ್ಲ!"

ಊರ ಬಾಗಿಲ ಹೊರಗಿನ ಹಾಳು ಮಂಟಪದಲ್ಲಿ ಮಲಗಿದ್ದ ಬೊಮ್ಮ ಈ ಡಂಗುರ ಕೇಳಿ ಎದ್ದು ಕುಳಿತ. ಅವನು ಆ ಊರಿನವನಲ್ಲ. ತಾಯಿ ತೀರಿಹೋದ ಮೇಲೆ ಉಪ್ಪಿನ ವ್ಯಾಪಾರಿಗಳ ಎತ್ತುಗಳ ಹಿಂದೆ ಹೊರಟು ಬಂದವನು. ದಾರಿಯಲ್ಲಿ ಜ್ವರ ಬಂತು. ವ್ಯಾಪಾರಿಗಳು ಅವನನ್ನು ಮಂಟಪದಲ್ಲಿ ಮಲಗಿಸಿ ಮುಂದೆ ಹೋದರು. ಜ್ವರ ಬಿಟ್ಟಿತು, ಆದರೆ ಆ ದೊಡ್ಡ ಊರಿನಲ್ಲಿ ಅವನನ್ನು ಮಾತನಾಡಿಸುವವರಿರಲಿಲ್ಲ. ಭಿಕ್ಷೆ ಹಾಕುವವರು ಕೂಡ ಮುಖ ನೋಡದೆ ಹಾಕುತ್ತಿದ್ದರು.

ಬೊಮ್ಮನಿಗೆ ರಾಜ್ಯದ ಆಸೆ ಹುಟ್ಟಲಿಲ್ಲ. ಅಲ್ಲೊಬ್ಬಳು ಪ್ರಶ್ನೆ ಕೇಳುತ್ತಾಳೆ, ಕೇಳಿ ಉತ್ತರಕ್ಕೆ ಕಾಯುತ್ತಾಳೆ ಅನ್ನುವುದಷ್ಟೇ ಅವನ ಮನಸ್ಸಿಗೆ ನಾಟಿತು. ತಲೆ ಹೋದರೆ ಅಳುವವರು ಯಾರಿದ್ದಾರೆ ಎಂದುಕೊಂಡು ಮರುದಿನ ಅರಮನೆಗೆ ನಡೆದ.

ದಾರಿಯುದ್ದಕ್ಕೂ ಹಾಡುಗಾರರು ರಾಜಕುಮಾರಿಯ ಅಣ್ಣ ರಣಧವಳನ ಕತೆ ಹಾಡುತ್ತಿದ್ದರು. ಕಡಲಾಚೆಯ ರಕ್ಕಸನನ್ನು ಕೊಲ್ಲಲು ಹೋದ ವೀರ ಅವನು. ಅವನ ಖಡ್ಗದ ಮೇಲೊಂದು ಹಾಡು, ಎದೆಯ ಅಗಲದ ಮೇಲೊಂದು ಹಾಡು. ಹೋದವನು ಬಂದಿರಲಿಲ್ಲ.

ಸಭೆಯಲ್ಲಿ ಹೊನ್ನಾದೇವಿ ತಂದೆಯ ಪಕ್ಕ ಕುಳಿತಿದ್ದಳು. ಬಂದವರ ಮುಖ ನೋಡುತ್ತಿರಲಿಲ್ಲ, ಬಾಗಿಲು ನೋಡುತ್ತಿದ್ದಳು.

"ವೀರನೊಬ್ಬ ದೂರ ಹೋದ," ಎಂದಳು. "ಅವನಿಗಿಂತ ಮೊದಲು ಮನೆಗೆ ಒಂದು ಬರುತ್ತದೆ. ಅದಕ್ಕೆ ಕಾಲಿಲ್ಲ, ಹಸಿವಿಲ್ಲ. ಅದು ಬಂದ ದಿನ ಮನೆಯವರು ಮಾತ್ರ ಕೈಯಲ್ಲಿದ್ದ ತುತ್ತು ಕೆಳಗಿಡುತ್ತಾರೆ. ಏನದು?"

ಬೆಳ್ಳಿಪುರದ ಅರಸುಮಗ ಮೀಸೆಯ ಮೇಲೆ ಕೈಯಿಟ್ಟ. "ಕುದುರೆ! ಒಡೆಯ ಬಿದ್ದರೆ ಒಂಟಿಯಾಗಿ ಓಡಿ ಬರುತ್ತದೆ."

"ನಿಮ್ಮೂರಿನ ಕುದುರೆಗೆ ಕಾಲಿಲ್ಲವೆ?"

ಸಭೆ ನಕ್ಕಿತು. ನಗು ಮುಗಿಯುವಷ್ಟರಲ್ಲಿ ಭಟರು ಅವನ ಕೈ ಕಟ್ಟಿದ್ದರು.

ಆನೆಯ ಮೇಲೆ ಬಂದಿದ್ದ ಇನ್ನೊಬ್ಬ ದೊರೆ ಎದ್ದು, "ಕೀರ್ತಿ" ಎಂದ.

"ಕೀರ್ತಿ ಬಂದರೆ ಜನ ಇನ್ನೊಂದು ತುತ್ತು ಹೆಚ್ಚೇ ಉಣ್ಣುತ್ತಾರೆ," ಎಂದಳು ಹೊನ್ನಾದೇವಿ. ಅವನನ್ನೂ ಕರೆದೊಯ್ದರು.

ಮತ್ತೆ ಯಾರೂ ಏಳಲಿಲ್ಲ. ಕಂಬದ ಮರೆಯಿಂದ ಬೊಮ್ಮ ಮುಂದೆ ಬಂದ.

"ಸುದ್ದಿ, ಅಮ್ಮಣ್ಣೀ."

ಅವಳು ಮೊದಲ ಸಲ ಬಾಗಿಲಿನಿಂದ ಕಣ್ಣು ತೆಗೆದಳು. "ಹೋಗುವಾಗ ಉದ್ದ, ಬರುವಾಗ ಗಿಡ್ಡ. ಅಳೆದರೆ ಎರಡೂ ಒಂದೇ. ಏನದು?"

"ದಾರಿ. ಅದು ಮನೆಯಿದ್ದವರಿಗೆ ಅಮ್ಮಣ್ಣೀ. ನನಗೆ ಎರಡು ಕಡೆಗೂ ಉದ್ದವೇ."

ಹೊನ್ನಾದೇವಿ ಅವನ ಕಡೆಗೆ ತಿರುಗಿ ಕುಳಿತಳು. ಆಮೇಲೆ ತಗ್ಗಿದ ದನಿಯಲ್ಲಿ, "ಕಾಲು ಆಚೆ ಹೋಗುತ್ತದೆ, ನಾಲಿಗೆ ಈಚೆ ಬರುತ್ತದೆ. ಮನುಷ್ಯ ಒಬ್ಬನೇ, ಗಳಿಗೆ ಒಂದೇ. ಏನದು?" ಎಂದಳು.

ಬೊಮ್ಮ ಯೋಚಿಸಿದ. ಬಾಗಿಲಿನ ಬಿಸಿಲು ಒಂದು ಕಂಬದಿಂದ ಇನ್ನೊಂದಕ್ಕೆ ಸರಿಯಿತು. ಏನೂ ಹೊಳೆಯಲಿಲ್ಲ.

"ತಿಳಿಯಲಿಲ್ಲ ಅಮ್ಮಣ್ಣೀ," ಎಂದ. ಅವಳ ಮುಖ ಬಾಡಿತು. ತನಗಾಗಿ ಒಂದು ಮುಖ ಬಾಡಿದ್ದನ್ನು ನೋಡಿ ಬೊಮ್ಮನಿಗೆ, ಆ ಹೊತ್ತಿನಲ್ಲೂ, ಹಿತವಾಯಿತು. ಭಟರು ರಟ್ಟೆ ಹಿಡಿದರು. ಬಾಗಿಲವರೆಗೆ ಹೋದವನು ತಿರುಗಿ, ರೂಢಿಯಂತೆ ಕೈಮುಗಿದ.

"ಬರ್ತೀನಿ ಅಮ್ಮಣ್ಣೀ."

ಸಭೆ ಗೊಳ್ಳೆಂದಿತು. "ಎಲ್ಲಿಗೋ ಬರ್ತೀಯ? ತಲೆ ಅಲ್ಲಿ ಬಿಟ್ಟು ಮುಂಡ ಮಾತ್ರ ಬರುತ್ತದೇನೋ?" ಎಂದ ಕತ್ತಿ ಹಿಡಿದ ಭಟ.

ಬೊಮ್ಮ ನಿಂತುಬಿಟ್ಟ. ತಲೆ ತಗ್ಗಿಸಿ ನೋಡಿದ. ಬಲಗಾಲು ಹೊಸಿಲಿನಾಚೆ ಇತ್ತು.

"ಇದೇ!" ಎಂದ. "ಕಾಲು ಆಚೆ ಹೋಗ್ತಿದೆ, ನಾಲಿಗೆ ಬರ್ತೀನಿ ಅಂತಿದೆ!"

ಮಂತ್ರಿ ಎದ್ದ. "ಸೋತೆ ಅಂತ ಒಪ್ಪಿಕೊಂಡಾಯಿತಲ್ಲಯ್ಯ!"

"ಒಂದು ಕಾಲು ಇನ್ನೂ ಒಳಗಿದೆ ಮಂತ್ರಿಗಳೇ," ಎಂದಳು ಹೊನ್ನಾದೇವಿ. ಆಮೇಲೆ ಬೊಮ್ಮನನ್ನು ನೋಡಿದಳು. "ನಿನಗೆ ಆ ಮಾತು ಕಲಿಸಿದವರು ಯಾರು?"

"ಅವ್ವ. ಹೊರಡುವಾಗ ಹೋಗ್ತೀನಿ ಅನ್ನಬಾರದು ಅಂತಿದ್ದಳು. ಅವಳು ತೀರಿಹೋದ ಮೇಲೆ ಮನೆಗೆ ಬೀಗ ಹಾಕಿ ಹೊರಟೆ. ಹೇಳೋಕೆ ಯಾರೂ ಇರಲಿಲ್ಲ. ಬೀಗಕ್ಕೇ ಬರ್ತೀನಿ ಅಂದೆ."

ಹೊನ್ನಾದೇವಿ ಕಣ್ಣೊರೆಸಿಕೊಂಡಳು. "ಅಣ್ಣ ಇದೇ ಹೊಸಿಲಲ್ಲಿ ಹೋಗ್ತೀನಿ ಅಂದ. ವೀರನಾದವನು ಹಿಂದಿರುಗುವ ಮಾತಾಡಬಾರದಂತೆ. ಹಾಡುಗಾರರು ಆ ಮಾತನ್ನೇ ಹೊಗಳಿ ಹಾಡುತ್ತಾರೆ. ಅದಕ್ಕೇ ಅವರ ಹಾಡು ಕೇಳಿ ಬಂದವರಿಗೆ ನನ್ನ ಒಗಟು ಸಿಕ್ಕಲಿಲ್ಲ. ಬರ್ತೀನಿ ಅಂದಿದ್ದರೆ ಸಾಕಿತ್ತು. ಅದನ್ನು ಹಿಡಿದುಕೊಂಡು ಕಾಯುತ್ತಿದ್ದೆ."

ರಾಜ ಎದ್ದು ಬಂದು ಬೊಮ್ಮನ ಕೈ ಹಿಡಿದ. ಅರ್ಧ ರಾಜ್ಯ ನಿನ್ನದು, ಮದುವೆ ಇಂದೇ ಎಂದ.

"ಬುದ್ಧಿ, ಹೊರಗೆ ಕಟ್ಟಿಹಾಕಿರೋ ಆ ಇಬ್ಬರನ್ನು ಬಿಟ್ಟುಬಿಡಿ. ಮೊದಲು ಕಡಲಾಚೆ ಹೋಗಿ ರಾಜಕುಮಾರರ ಸುದ್ದಿ ತರ್ತೀನಿ. ಆಮೇಲೆ ಮದುವೆ ಮಾತು, ಅಮ್ಮಣ್ಣಿಯವರ ಮನಸ್ಸಿದ್ದರೆ."

ರಾಜ ಆ ಇಬ್ಬರ ಕಟ್ಟು ಬಿಚ್ಚಿಸಿದ. ಮರುದಿನ ಬೆಳಗ್ಗೆ ಹೊನ್ನಾದೇವಿ ತಾನೇ ಬುತ್ತಿ ಕಟ್ಟಿಕೊಟ್ಟು ಹೊಸಿಲಲ್ಲಿ ನಿಂತಳು.

"ಬರ್ತೀನಿ," ಎಂದ ಬೊಮ್ಮ.

"ಹೋಗ್ಬಾ," ಎಂದಳು ಅವಳು.

ಬೊಮ್ಮ ಹೋದ. ಕಡಲಾಚೆ ರಕ್ಕಸನ ಎಲುಬಿನ ಪಕ್ಕದಲ್ಲೇ ರಣಧವಳನ ಖಡ್ಗ ತುಕ್ಕು ಹಿಡಿದು ಬಿದ್ದಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಹೆಗಲಿಗೇರಿಸಿದ. ಅದನ್ನು ಕಂಡ ದಿನ ಅರಮನೆಯಲ್ಲಿ ಯಾರೂ ಉಣ್ಣುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅತ್ತು ಮುಗಿದ ಮೇಲೆ ಹೊನ್ನಾದೇವಿ ಅವನ ಕೈ ಹಿಡಿದಳು, ಅರ್ಧ ರಾಜ್ಯವೂ ಅವನದಾಯಿತು. ಅದೆಲ್ಲ ಆಮೇಲಿನ ಮಾತು. ಖಡ್ಗ ಹೊತ್ತು ಬರುತ್ತಿದ್ದ ಬೊಮ್ಮ ದೂರದಿಂದ ಕೋಟೆ ಕಂಡೊಡನೆ ಬೆರಗಾಗಿ ನಿಂತ. ಇಷ್ಟು ಬೇಗ ಊರು ಬಂದುಬಿಟ್ಟಿತೆ ಎಂದುಕೊಂಡ. ಹುಟ್ಟಿದ ಊರು ಬಿಟ್ಟ ಮೇಲೆ ಅವನಿಗೆ ಮೊದಲ ಸಲ ಬರುವ ದಾರಿ ಗಿಡ್ಡವಾಗಿತ್ತು.

ಅವನು ಅಲ್ಲಿ ಮನೆ ಸೇರಿದ. ನಾವು ಇಲ್ಲಿ ಇನ್ನೂ ದಾರಿಯಲ್ಲಿದ್ದೇವೆ.