ಗೋಲಗುಮ್ಮಟಕ್ಕೆ ಒಬ್ಬಳೇ ಹೋದ ನೀಲವ್ವ

ಗೋಲಗುಮ್ಮಟ ತೋರಿಸ್ತೀನಿ ಅಂತಿದ್ದ ಗಂಡ ತೋರಿಸದೇ ಸತ್ತ. ವರ್ಷ ತುಂಬೋದರೊಳಗೆ ನಮ್ಮೋಣಿ ನೀಲವ್ವ ಒಬ್ಬಳೇ ಹೊರಟಳು! ಓಣಿಯೆಲ್ಲ ಗುಸುಗುಸು. ನಾನೂ ಸುಮ್ಮನಿರಲಿಲ್ಲ ಬಿಡ್ರಿ.

ಬಸ್ಸು ಮುಟ್ಟುವಾಗ ಸಂಜೆ, ಗುಮ್ಮಟ ಮುಚ್ಚಿತ್ತು. ಲಾಡ್ಜಿನ ಮ್ಯಾನೇಜರ್ ಮೀಸೆ ತಿರುವಿದನಂತೆ.

"ಒಂಟಿ ಹೆಂಗಸಿಗೆ ರೂಮಿಲ್ಲವ್ವಾ. ನಿನ್ನ ಒಳ್ಳೇದಕ್ಕೇ ಹೇಳ್ತೀನಿ."

"ಯಾರ ಭಯ ಅಣ್ಣಾ?"

"ಒಳಗ ಗಂಡಸರು ಇಳಿದಾರ."

ನೀಲವ್ವ ಅಲ್ಲೇ ಚಹಾ ಕುಡಿಯುತ್ತಿದ್ದವರತ್ತ ತಿರುಗಿದಳು. "ಅಣ್ಣಗೋಳ್ರಾ, ನಿಮ್ಮಿಂದ ನನ್ನ ಮಾನಕ್ಕ ಅಪಾಯ ಅಂತಾರ ಇವರು. ಖರೇನಾ?"

ಎಲ್ಲರೂ ಮ್ಯಾನೇಜರನ ಮೇಲೆ ಏರಿಹೋದರು. ಮೀಸೆ ಇಳಿಯಿತು, ಕೀಲಿ ಬಂತು.

ಬೆಳಿಗ್ಗೆ ಗುಮ್ಮಟ ಹತ್ತಿದವಳು, ಮದುವೆಯಾದಾಗಿನಿಂದ ಬಾಯಲ್ಲಿ ತಾರದ ಗಂಡನ ಹೆಸರನ್ನು ಜೋರಾಗಿ ಕೂಗಿದಳಂತೆ. ಹೆಸರು ಏಳು ಸಲ ತಿರುಗಿ ಬಂತು. ಓ ಅನ್ನೋನು ಮಾತ್ರ ಬರಲಿಲ್ಲ.