ಗೋಡೆಯಾಚೆಯ ಕೂಸು ಮತ್ತು ಮಾತೆಯ ನೀಲಿ ಸೀರೆ

ಪೂಜ್ಯ ಲಾಜರಸ್ ಸ್ವಾಮಿಗಳು ಶಿಲುಬೆಪಾಳ್ಯಕ್ಕೆ ಗುರುಗಳಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಗುರುಗಳ ಮನೆ ಅಂದರೆ ಏನು ಮಹಾ, ಒಂದು ಕೋಣೆ, ಒಂದು ಜಗುಲಿ. ಮಧ್ಯಾಹ್ನ ಊಟವಾದ ಮೇಲೆ ಸ್ವಾಮಿಗಳು ಆ ಜಗುಲಿಯ ಮೇಲೆ ಕುಳಿತು, ಊರಿನವರ ಹರಿದುಹೋದ ಜಪಸರಗಳ ಮಣಿ ಪೋಣಿಸಿಕೊಡುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ಜಪಮಾಲಮ್ಮ ಬಂದಳು. ಕೈಮುಗಿಯಲಿಲ್ಲ, ಆಶೀರ್ವಾದ ಕೇಳಲಿಲ್ಲ.

"ಸ್ವಾಮಿ, ನನ್ನ ಸೀರೆ ನನಗೆ ವಾಪಸ್ ಕೊಡಿ" ಅಂದಳು.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ಬಸುರಾದವಳು ಅವಳು. ದೇವಮಾತೆಗೆ ಸೀರೆಯ ಹರಕೆ ಹೊತ್ತಿದ್ದಳು. ರೇಷ್ಮೆಗೂಡು ಬಿಚ್ಚುವುದೇ ಅವಳ ಕಸುಬು. ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ತಾನೇ ನೂಲು ತೆಗೆದು, ನೀಲಿ ಬಣ್ಣ ಹಾಕಿಸಿ ನೇಯಿಸಿದ್ದಳು. ಬಂಗಾರದಂಥ ಹೆಣ್ಣುಕೂಸು ಹುಟ್ಟಿತು. ವಾರದೊಳಗೆ ಹೆಸರಿಟ್ಟು ಸಭೆಗೆ ಸೇರಿಸುವ ಜ್ಞಾನಸ್ನಾನ ಮುಗಿಸಿಬಿಡಿ ಎಂದು ಹಿರಿಯರು ಹೇಳಿದರೂ ಕೇಳಲಿಲ್ಲ. ಮಾತೆಯ ಹುಟ್ಟುಹಬ್ಬದ ದಿನವೇ ಆಗಬೇಕು, ಅಲ್ಲಿಯವರೆಗೆ ಹೆಸರನ್ನೂ ಯಾರಿಗೂ ಹೇಳುವುದಿಲ್ಲ ಎಂದು ಹಟ ಹಿಡಿದಳು. ಹಬ್ಬದ ಮುನ್ನಾದಿನ ದೇವಾಲಯದ ಮಾತೆಯ ಪ್ರತಿಮೆಗೆ ಸೀರೆ ಉಡಿಸಿದರು. ಅದೇ ಸಂಜೆ ಜ್ವರ ಏರಿ ಕೂಸು ತೀರಿಕೊಂಡಿತು. ಕೊನೆಯ ಗಳಿಗೆಯಲ್ಲಿ ಯಾರಾದರೂ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದಿತ್ತು. ಆ ಗಾಬರಿಯಲ್ಲಿ ಯಾರಿಗೆ ಹೊಳೆಯಬೇಕು! ಜ್ಞಾನಸ್ನಾನವಾಗದ ಕೂಸಿಗೆ ಒಳಗೆ ಜಾಗವಿಲ್ಲವೆಂಬ ಅಂದಿನ ಕಟ್ಟಳೆಯಂತೆ ಅದನ್ನು ಸಮಾಧಿಭೂಮಿಯ ಗೋಡೆಯ ಆಚೆ ಹೂತರು. ಇದೆಲ್ಲ ಸ್ವಾಮಿಗಳು ಬರುವ ಮುಂಚೆ ಆದದ್ದು.

ಅಂದಿನಿಂದ ಜಪಮಾಲಮ್ಮನಿಗೆ ನಿದ್ದೆಯಿಲ್ಲ, ಅನ್ನ ಸೇರದು. ಪಕ್ಕದ ಮನೆಯ ಮಗು ಅತ್ತರೆ ಸಾಕು, ಎದೆಹಾಲು ಉಕ್ಕಿ ರವಿಕೆ ಒದ್ದೆಯಾಗುತ್ತಿತ್ತು. ಅಯ್ಯೋ, ಆ ಹೊಟ್ಟೆಯ ಸಂಕಟ ಹೆತ್ತವರಿಗೇ ಗೊತ್ತು.

"ನಾನು ಕೊಟ್ಟ ಸೀರೆ ಉಟ್ಕೊಂಡು ಆ ತಾಯಿ ಚೆಂದಾಗಿ ನಿಂತವ್ಳೆ. ನನ್ನ ಕೂಸು ಗೋಡೆ ಆಚೆ ಮಲಗ್ಯದೆ. ಅದಕ್ಕೊಂದು ಹೆಸರೂ ಇಲ್ಲ. ಆ ಲೋಕದಲ್ಲಿ ಯಾರು ಏನಂತ ಕರೀತಾರೆ ಸ್ವಾಮಿ? ಯಾರು ಎತ್ಕೋತಾರೆ?"

ಸ್ವಾಮಿಗಳು ಕೈಯಲ್ಲಿದ್ದ ಜಪಸರವನ್ನು ಕೆಳಗಿಟ್ಟರು. "ಬಾಮ್ಮ" ಎಂದು ದೇವಾಲಯದೊಳಕ್ಕೆ ನಡೆದರು.

ಶಿಲುಬೆಪಾಳ್ಯದಲ್ಲಿ ಮಾತೆಗೆ ಉಡಿಸಿದ ಸೀರೆಯನ್ನು ಮುಂದಿನ ಹಬ್ಬದವರೆಗೆ ಯಾರೂ ಮುಟ್ಟುವಂತಿಲ್ಲ. ಹಬ್ಬದಲ್ಲಿ ಉಡಿಸುವ ಇಬ್ಬರು ಮುದುಕಿಯರೂ ತೆರೆ ಎಳೆದುಕೊಂಡೇ ಉಡಿಸುತ್ತಾರೆ. ಸೀರೆಯಿಲ್ಲದ ಸ್ವರೂಪವನ್ನು ಊರಲ್ಲಿ ಬೇರೆ ಯಾರೂ ಕಂಡವರಲ್ಲ. ಸ್ವಾಮಿಗಳು ಮಾತೆಗೆ ತಲೆಬಾಗಿ ನಮಿಸಿ, ಸೆರಗಿನ ಪಿನ್ನಿಗೆ ಕೈ ಹಾಕಿದರು. ಸೀರೆ ಕೇಳಲು ಬಂದವಳೇ ಬೆಚ್ಚಿಬಿದ್ದಳು.

"ಬೇಡಿ ಸ್ವಾಮಿ, ಪಾಪ ಬರ್ತದೆ!"

"ಮಗಳು ಕೇಳಿದರೆ ತಾಯಿ ಸೀರೆ ಬಿಚ್ಚಿಕೊಡುವುದಿಲ್ಲವೇ?" ಎಂದರು ಸ್ವಾಮಿಗಳು.

ನೀಲಿ ಸೀರೆ ಜಾರಿತು. ಒಳಗೆ ಹಳೆಯ ಮರದ ಸ್ವರೂಪ, ಬಣ್ಣ ಮಾಸಿದ ನಿಲುವಂಗಿ. ಎದೆಯ ನಟ್ಟನಡುವೆ ಹಿಡಿಯವರೆಗೂ ನೆಟ್ಟ ಒಂದು ಕತ್ತಿ. ಅದು ದುಃಖವೇ ಕತ್ತಿಯಾಗಿ ಎದೆಗಿಳಿದ ವ್ಯಾಕುಲಮಾತೆಯ ಸ್ವರೂಪ. ಹಬ್ಬದ ದಿನ ತಾಯಿಯ ಗಾಯ ಕಾಣಬಾರದೆಂದು ಯಾವ ಕಾಲದವರೋ ಸೀರೆ ಮುಚ್ಚುವ ರೂಢಿ ಹಾಕಿದ್ದರು.

ಜಪಮಾಲಮ್ಮನ ಕೈ ತಾನಾಗಿ ತನ್ನ ಎದೆಗೆ ಹೋಯಿತು.

ಸ್ವಾಮಿಗಳು ಮೆಲ್ಲಗೆ ಹೇಳಿದರು: "ಮಗನನ್ನು ಕಳಕೊಂಡ ತಾಯಿ ಕಣಮ್ಮ ಇವಳು. ಅಳುವ ಕೂಸು ಬಂದರೆ ಹೆಸರು ಕೇಳಿಕೊಂಡು ನಿಲ್ಲುತ್ತಾಳಾ? ಮೊದಲು ಎತ್ತಿಕೊಳ್ಳುತ್ತಾಳೆ."

ಸೀರೆಯನ್ನು ಅವಳ ಕೈಯಲ್ಲಿಟ್ಟರು. ಜಪಮಾಲಮ್ಮ ಅಲ್ಲೇ ಕುಸಿದು, ಸೀರೆಯಲ್ಲಿ ಮುಖ ಹುದುಗಿಸಿ, ಅಲ್ಲಿಯವರೆಗೆ ಅಳದಿದ್ದ ಅಳುವನ್ನೆಲ್ಲ ಅತ್ತಳು. ಸ್ವಾಮಿಗಳು ಸಮಾಧಾನ ಹೇಳಲು ಹೋಗದೆ ಮೊಣಕಾಲೂರಿ ಕಾದರು. ಬಿಸಿಲು ಇಳಿದ ಮೇಲೆ, "ಏನಂತ ಕರೀಬೇಕು ಅಂತಿದ್ದೆ?" ಎಂದು ಕೇಳಿದರು.

ಗಂಡನಿಗೂ ಹೇಳಿರದ ಹೆಸರು ಅದು. "ಅಮಲಿ" ಅಂದಳು.

ಆಮೇಲೆ ಎದ್ದು, ತಾನೇ ಮಾತೆಗೆ ಸೀರೆ ಉಡಿಸಿದಳು. ನೆರಿಗೆ ಹಿಡಿದು, ಸೆರಗು ಹೊದಿಸಿದಳು. ಕತ್ತಿಯಿರುವಷ್ಟು ಜಾಗವನ್ನು ಮಾತ್ರ ತೆರೆದೇ ಬಿಟ್ಟಳು. ಸ್ವಾಮಿಗಳು ತೀರ್ಥದ ಪಾತ್ರೆ ಹಿಡಿದು ಅವಳ ಜೊತೆ ಗೋಡೆಯ ಆಚೆಗೆ ನಡೆದರು. ಪುಟ್ಟ ಮಣ್ಣುಗುಡ್ಡೆಯ ಮೇಲೆ ತೀರ್ಥ ಚಿಮುಕಿಸಿ ಪ್ರಾರ್ಥಿಸಿದರು.

ಶಿಲುಬೆಪಾಳ್ಯದ ಮಾತೆಗೆ ಇಂದಿಗೂ ಹಾಗೆಯೇ ಸೀರೆ ಉಡಿಸುತ್ತಾರೆ. ಕೂಸು ಕಳಕೊಂಡ ಹೆಣ್ಣುಮಕ್ಕಳು ಎಲ್ಲೆಲ್ಲಿಂದಲೋ ಬಂದು ಆ ಕತ್ತಿಯ ಹಿಡಿ ಮುಟ್ಟಿ ಅಳುತ್ತಾರೆ. ಜಪಮಾಲಮ್ಮನ ಹಂಬಲ ತೀರಿತೇ? ಎಲ್ಲಿ ತೀರುತ್ತದೆ! ಹಣ್ಣುಮುದುಕಿಯಾದ ಮೇಲೂ ಸಂಜೆ ಗಂಟೆ ಬಾರಿಸಿದಾಗ ದೇವಾಲಯದ ಬಾಗಿಲಲ್ಲಿ ನಿಂತು, ಒಳಗೆ ನೋಡುತ್ತಾ ಕರೆಯುತ್ತಿದ್ದಳಂತೆ: "ಅಮಲೀ, ಅಮ್ಮನ ಕಂಕುಳಲ್ಲೇ ಇರು ಕಂದಾ. ನಾನು ಬರೋವರೆಗೂ ಇಳೀಬೇಡ."